ಎಲೆಯಬೇಡಿ, ಸಡಿಲ ಬಿಡಿ

ನಿಘಂಟು ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. 'ಕಾಗುಣಿತ' ಅಂದರೆ ಸಾಕು, ಮೂರನೇ ಮಹಡಿಯ ಮೂಲೆಯ ಮೇಜಿನಿಂದ ಕನ್ನಡಕ ಮೇಲೆತ್ತಿ 'ಏನು?' ಅಂತ ನೋಡುತ್ತಿದ್ದ. ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥ ಹೇಳುವ ದೊಡ್ಡ ನಿಘಂಟು ಅದು. ಎ ಅಕ್ಷರಕ್ಕೊಂದು ಸಂಪುಟ, ಬಿ ಅಕ್ಷರಕ್ಕೊಂದು ಸಂಪುಟ, ಹೀಗೆ ಹನ್ನೊಂದು ದಾಟಿ ಈಗ ಎಲ್ ಅಕ್ಷರಕ್ಕೆ ಬಂದು ನಿಂತಿತ್ತು. ಮೂವತ್ತೊಂದು ವರ್ಷದಿಂದ ಅದರ ಕರಡು ತಿದ್ದುವುದೇ ಇವನ ಕೆಲಸ. ಈ ನಿಘಂಟಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ ಅಂತ ಯಾರಾದರೂ ತೋರಿಸಿದರೆ ಮೀಸೆ ಬೋಳಿಸುತ್ತೇನೆ ಅಂತ ಪಂಥ ಕಟ್ಟಿದ್ದ. ಮೀಸೆ ಇನ್ನೂ ಇತ್ತು. ಅದಕ್ಕೆ ದಿನಾ ಬೆಳಗ್ಗೆ ಎಣ್ಣೆ ಬೇರೆ.

ಹೆಮ್ಮೆ ತಪ್ಪಲ್ಲ ಬಿಡಿ. ದುಡಿದವನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ? ಆದರೆ ಇವನ ಹೆಮ್ಮೆಯಲ್ಲಿ ಒಂದು ಹುಳುಕಿತ್ತು. ಅದು ಗೊತ್ತಿದ್ದದ್ದು ಇವನಿಗೆ ಮತ್ತು ಇವನ ಅಕ್ಕನಿಗೆ ಮಾತ್ರ ಅಂತ ಇವನು ತಿಳಿದುಕೊಂಡಿದ್ದ.

ಒಂದು ಸೋಮವಾರ ಬೆಳಗ್ಗೆ ಮೇಜಿನ ಮೇಲೆ ಒಂದು ಚೀಟಿ ಬಂದು ಕೂತಿತು. ಪದ: ಲೀಶ್. ಅರ್ಥ: ನಾಯಿಯನ್ನು ಕಟ್ಟಿಹಾಕುವ ಹಗ್ಗ. ಬರೆದವರು ಪ್ರೊಫೆಸರ್. ಸಲಹಾ ಮಂಡಳಿಯಲ್ಲಿದ್ದವರು, ಪಾಂಡಿತ್ಯ ಅಂದರೆ ಪಾಂಡಿತ್ಯ, ಎದುರಾಡಲು ಎಂಥವನಿಗೂ ಎರಡು ಸಲ ಯೋಚನೆ ಬರಬೇಕು. ಅಕ್ಷರವೆಲ್ಲ ಸರಿ ಇತ್ತು. ಸರಿ ಅಂತ ಗುರುತು ಹಾಕಿ ಆಚೆ ಸರಿಸಬೇಕು, ಅಷ್ಟೇ ಇವನ ಕೆಲಸ. ಆದರೆ ಪೆನ್ನು ಅಲ್ಲೇ ನಿಂತಿತು. ಯಾಕೆಂದರೆ ಇವನು ಹುಟ್ಟಿ ಬೆಳೆದದ್ದೇ ಆ ಲೀಶ್ ಎಂಬ ವಸ್ತುವನ್ನು ಹೊಲಿಯುವ ಮನೆಯಲ್ಲಿ. ಅಕ್ಕನನ್ನು ಒಂದು ಮಾತು ಕೇಳಿದರೆ ಗಂಟೇನು ಹೋಗುತ್ತೆ ಅಂದುಕೊಂಡು ಸಂಜೆ ಐದಕ್ಕೆ ಚೀಟಿ ಜೇಬಿಗೆ ಹಾಕಿಕೊಂಡು ಹೊರಟ.

ಅಕ್ಕನ ಅಂಗಡಿ ಎರಡು ಬೀದಿ ಆಚೆ. ನಾಯಿಯ ಪಟ್ಟಿ, ಕುದುರೆಯ ಲಗಾಮು, ಜೀನಿನ ಬಾರು, ಹೀಗೆ ಪ್ರಾಣಿಗೆ ತೊಡಿಸುವ ಚರ್ಮದ ಸಾಮಾನು ಏನು ಬೇಕಾದರೂ ಅಲ್ಲಿ ಸಿಗುತ್ತಿತ್ತು. ಇವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅಪ್ಪನ ಕೈ ನಡುಗಲು ಶುರುವಾದಾಗ ನಾಲ್ಕನೇ ಕ್ಲಾಸಿಗೇ ಪುಸ್ತಕ ಮುಚ್ಚಿಟ್ಟು ದಬ್ಬಳ ಹಿಡಿದವಳು, ಅರವತ್ತೊಂಬತ್ತಾದರೂ ಕೆಳಗಿಟ್ಟಿರಲಿಲ್ಲ. ಅವಳು ದಬ್ಬಳ ಹಿಡಿದದ್ದಕ್ಕೇ ಇವನು ಪೆನ್ನು ಹಿಡಿದ, ಅದರಲ್ಲಿ ಎರಡು ಮಾತಿಲ್ಲ. ಊರೆಲ್ಲ ಅವಳನ್ನು ಬಾರಿನಕ್ಕ ಅಂತಲೇ ಕರೆಯುತ್ತಿತ್ತು. ಬಾರು ಅಂದರೆ ಚರ್ಮದ ಪಟ್ಟಿ ಅಂತ ಗೊತ್ತಿಲ್ಲದ ಕಚೇರಿಯ ತುಂಟರು, "ಏನ್ ಸಾರ್, ನಿಮ್ಮಕ್ಕ ಬಾರ್ ಇಟ್ಟಿದಾರಂತೆ, ನಮಗೂ ಒಂದೊಂದು ಗ್ಲಾಸ್ ಹಾಕ್ಸಿ" ಅಂತ ರೇಗಿಸುತ್ತಿದ್ದರು. ಇವನು ನಕ್ಕು ಸುಮ್ಮನಾಗುತ್ತಿದ್ದ. ಇಂಥ ಅಂಗಡಿ, ಇಂಥ ಕೆಲಸ, ಬನ್ನಿ ತೋರಿಸುತ್ತೇನೆ ಅಂತ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಅಂದಿರಲಿಲ್ಲ. ಅದೂ ನಿಜ, ಮುಚ್ಚಿಟ್ಟು ಪ್ರಯೋಜನವಿಲ್ಲ.

"ಅಕ್ಕ, ಲೀಶ್ ಅಂದ್ರೆ ಏನು?"

"ನಾನು ಮಾಡೋದು." ಅವಳು ದಾರಕ್ಕೆ ಮೇಣ ಎಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

"ಅದು ಗೊತ್ತು ಮಾರಾಯ್ತಿ. ಅರ್ಥ ಹೇಳು ಅಂದ್ರೆ ಏನು ಹೇಳ್ತೀಯ?"

"ನಿಮ್ಮ ದೊಡ್ಡೋರು ಏನು ಬರೆದಿದಾರೆ, ಅದನ್ನ ಓದು ಮೊದ್ಲು."

ಓದಿದ. ಅವಳು ದಾರ ಕೆಳಗಿಟ್ಟಳು. ದಬ್ಬಳ ಕೆಳಗಿಟ್ಟಳು. ಕನ್ನಡಕವನ್ನೂ ತೆಗೆದಿಟ್ಟಳು. ಇನ್ನು ಮಳೆ ಗ್ಯಾರಂಟಿ ಅಂತ ಇವನಿಗೆ ಗೊತ್ತಾಯಿತು.

"ಯಾರಪ್ಪ ಈ ಮಹಾನುಭಾವ? ನಾಯಿ ಸಾಕಿದಾನಾ?"

"ಇಲ್ಲ ಅನ್ಸುತ್ತೆ."

"ಅದಕ್ಕೇ! ಕಟ್ಟಿಹಾಕೋದಂತೆ, ಹಗ್ಗವಂತೆ. ಕಟ್ಟಿಹಾಕೋಕೆ ಹಗ್ಗ ಇದೆ, ಸರಪಳಿ ಇದೆ, ಗೂಟ ಇದೆ. ಅದಕ್ಕೆ ಕೈ ಬೇಡ. ಇದಕ್ಕೆ ಕೈ ಬೇಕು. ಎದ್ದೇಳು, ಹಿಡ್ಕೋ ಇದನ್ನ."

ಅಂಗಡಿಯ ಬಾಗಿಲಲ್ಲಿ ಅವಳ ನಾಯಿ ಸಾಹೇಬ ಮಲಗಿತ್ತು. ಹೆಸರಿಗೆ ತಕ್ಕ ಹಾಗೆ ಕೆಲಸ ಏನೂ ಇಲ್ಲ, ಗತ್ತು ಮಾತ್ರ ಬೇಕಾದಷ್ಟು. ಅದರ ಕೊರಳಪಟ್ಟಿಗೆ ಒಂದು ತುದಿಯ ಕೊಂಡಿ ಸಿಕ್ಕಿಸಿ ಇನ್ನೊಂದು ತುದಿ ತಮ್ಮನ ಕೈಗೆ ಕೊಟ್ಟಳು. ಇವನು ಕರಡು ಪ್ರತಿ ಹಿಡಿಯುವ ಹಾಗೆ ಬಿಗಿಯಾಗಿ ಹಿಡಿದ. ಸಾಹೇಬ ನಾಲ್ಕು ಕಾಲೂ ನೆಲಕ್ಕೆ ಊರಿ ಹಿಂದಕ್ಕೆ ಜಗ್ಗಿತು. ಇವನೂ ಜಗ್ಗಿದ. ಬೀದಿಯಲ್ಲಿ ಹೋಗುವವರು ನಿಂತು ನೋಡಲಾರಂಭಿಸಿದರು.

"ಸಡಿಲ ಬಿಡೋ!" ಅಂತ ಅಕ್ಕ ಗದರಿದಳು. "ಹುಟ್ಟಿದಾಗಿಂದ ಹೇಳ್ತಾ ಇದೀನಿ, ಕೇಳಿದ್ರೆ ತಾನೆ!"

ಬಿಟ್ಟ. ಬಾರು ಮಧ್ಯದಲ್ಲಿ ಜೋತುಬಿತ್ತು. ಸಾಹೇಬ ಒಂದು ಕ್ಷಣ ಅನುಮಾನದಿಂದ ನೋಡಿತು, ಆಮೇಲೆ ಎದ್ದು ಬಂದು ಇವನ ಕಾಲಿನ ಪಕ್ಕಕ್ಕೇ ಹೆಜ್ಜೆ ಹಾಕಿತು. ಬೀದಿಯ ಕೊನೆಯವರೆಗೆ ಹೋಗಿ ಬಂದರು. ಒಂದು ಸಲವೂ ಜಗ್ಗಲಿಲ್ಲ.

"ನೋಡಿದ್ಯಾ?" ಅಂದಳು ಅಕ್ಕ. "ಹೀಗೆ ಜೋತಾಡ್ಲಿ ಅಂತಲೇ ನಾನು ನಾಲ್ಕು ಬೆರಳು ಉದ್ದ ಜಾಸ್ತಿ ಬಿಡೋದು. ಬಿಗಿಯಾದ್ರೆ ಅದು ಹಗ್ಗ. ಸಡಿಲ ಇದ್ರೆ ಕೈಬಾರು. ಗೂಟಕ್ಕೆ ಸುತ್ತಿದ್ರೋ, ನನ್ನ ವಸ್ತು ಅಲ್ಲಿಗೆ ಸತ್ತೋಯ್ತು. ಬರಿ, ಹಾಗಂತ ಬರಿ ನಿನ್ನ ಪುಸ್ತಕದಲ್ಲಿ."

ಕೈಬಾರು. ಅಪ್ಪನ ಕಾಲದಿಂದ ಆ ಅಂಗಡಿಯ ಮಾತು ಅದು. ಗೋಡೆಯ ಮೊಳೆಗಳಲ್ಲಿ ಸಾಲಾಗಿ ತೂಗುಹಾಕಿದ್ದ ಕೈಬಾರುಗಳಿಗೆಲ್ಲ ಒಂದೊಂದು ರಟ್ಟಿನ ಚೀಟಿ ಕಟ್ಟಿತ್ತು. ಚೀಟಿಯ ಕಡೆ ನೋಡಬಾರದು ಅಂತ ಇವನು ಎಷ್ಟು ಪ್ರಯತ್ನಪಟ್ಟರೂ ಕಣ್ಣು ಅಲ್ಲಿಗೇ ಹೋಯಿತು. ದಪ್ಪ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ, ಅಲ್ಲಿ ಹೀಗಿತ್ತು: *ಕೈಬಾರು. ಎಲೆಯಬೇಡಿ, ಸಡಿಲ ಬಿಡಿ.*

ಎಳೆಯಬೇಡಿ ಅಲ್ಲ. ಎಲೆಯಬೇಡಿ. ಗಿಡದಲ್ಲಿ ಬಿಡುತ್ತದಲ್ಲ, ಆ ಎಲೆ!

ಅದೇ ಆ ಹುಳುಕು. ಆರನೇ ಕ್ಲಾಸಿನಲ್ಲಿದ್ದಾಗ ಅಕ್ಕ ಹೇಳಿದ ಮಾತನ್ನು ಇವನೇ ಕೈಯಾರೆ ಬರೆದುಕೊಟ್ಟಿದ್ದ. ಮುದ್ರಣದವನು ಆ ಕೈಬರಹವನ್ನೇ ಅಚ್ಚಿನ ಬ್ಲಾಕು ಮಾಡಿದ. ಅಲ್ಲಿಂದ ಇಲ್ಲಿಗೆ ನಲವತ್ತಾರು ವರ್ಷ, ಲೆಕ್ಕವಿಲ್ಲದಷ್ಟು ನಾಯಿಗಳ ಜೊತೆ ಆ ತಪ್ಪು ಲೋಕ ಸುತ್ತಿದೆ. ಕಾಲೇಜಿಗೆ ಹೋದ ಮೇಲೆ ಗೊತ್ತಾಗಿ, ನಾಚಿಕೆಯಿಂದ ನೆಲಕ್ಕಿಳಿದುಹೋಗಿ, "ತಿದ್ದಿಸಕ್ಕ, ಕೈ ಮುಗೀತೀನಿ" ಅಂತ ಎಷ್ಟೋ ಸಲ ಬೇಡಿಕೊಂಡಿದ್ದ. "ಬ್ಲಾಕು ಚೆನ್ನಾಗೇ ಇದೆ, ಯಾಕೆ ಕೆಡಿಸ್ಬೇಕು?" ಅನ್ನುತ್ತಿದ್ದಳು ಅವಳು. ಅವಳ ಹಟ ಗೊತ್ತಲ್ಲ, ಹಿಡಿದದ್ದೇ ಹಿಡಿದದ್ದು. ಕೊನೆಗೆ ಇವನೇ ಸೋತು ಆ ಮಾತು ಎತ್ತುವುದನ್ನು ಬಿಟ್ಟಿದ್ದ.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಕಚೇರಿಗೆ ಹೋಗಿ, ಪದಗಳ ಹುಟ್ಟು ಹೇಳುವ ದಪ್ಪ ಪುಸ್ತಕ ಬೀರುವಿನಿಂದ ಇಳಿಸಿದ. ಧೂಳು ಕೊಡವಿ ಲೀಶ್ ಹುಡುಕಿದ. ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ ಲಕ್ಸಾರೆ. ಲಕ್ಸಾರೆ ಅಂದರೇನು ಅಂತ ಬೆರಳಿಟ್ಟು ಓದಿದವನು ಇನ್ನೊಂದು ಸಲ ಓದಿದ.

ಸಡಿಲಿಸು.

ಕಟ್ಟುವುದಲ್ಲ, ಬಿಗಿಯುವುದಲ್ಲ, ಸಡಿಲ ಬಿಡುವುದು! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ ನಿನ್ನೆ ಸಂಜೆ ಬೀದಿಯಲ್ಲಿ ನಿಂತು ಹೇಳಿದ್ದೂ ಇದೇ, ಎಷ್ಟೋ ನೂರು ವರ್ಷದ ಹಿಂದೆ ಆ ಪದ ಹುಟ್ಟಿದಾಗ ಅದರ ಹೊಟ್ಟೆಯಲ್ಲಿದ್ದದ್ದೂ ಇದೇ. ಮಧ್ಯಾಹ್ನ ಊಟದ ಡಬ್ಬಿಯನ್ನೂ ತೆರೆಯದೆ ಅಂಗಡಿಗೆ ಓಡಿದ. ಐವತ್ತೇಳರ ಮನುಷ್ಯ, ಬೀದಿಯಲ್ಲಿ ಓಡಿದ ಅಂದರೆ ನೀವೇ ಯೋಚನೆ ಮಾಡಿ.

ಏದುಸಿರು ಬಿಡುತ್ತಾ ಎಲ್ಲ ಹೇಳಿದ. ಅಕ್ಕ ಕೇಳಿಸಿಕೊಂಡಳು.

"ಗೊತ್ತಿದ್ದದ್ದೇ ಅಲ್ವಾ," ಅಂದಳು. ಆದರೆ ಮುಖ ಊರಗಲ ಆಗಿತ್ತು.

"ಇನ್ನೂ ಕೇಳು. ಇದರ ಅಣ್ಣತಮ್ಮಂದಿರು ಯಾರು ಗೊತ್ತಾ? ಸಿನಿಮಾ ರಿಲೀಸ್ ಆಯ್ತು ಅಂತೀವಲ್ಲ, ಆ ರಿಲೀಸ್. ಸ್ವಲ್ಪ ರಿಲ್ಯಾಕ್ಸ್ ಮಾಡು ಅಂತೀವಲ್ಲ, ಅದು. ಮನೆ ಲೀಸಿಗೆ ತಗೊಂಡೆ ಅಂತೀವಲ್ಲ, ಆ ಲೀಸ್. ಎಲ್ಲ ಒಂದೇ ಬಳ್ಳಿ."

"ಅಂದ್ರೆ ನಾನು ಲೀಸಿಗೆ ತಗೊಂಡ ಅಂಗಡೀಲಿ ಕೂತು ಲೀಶ್ ಹೊಲೀತಿದೀನಿ ಅನ್ನು!" ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ರಿಲ್ಯಾಕ್ಸ್ ಒಂದೇ ಬಾಕಿ ನಂಗೆ."

"ಇನ್ನೊಂದು ವಿಚಿತ್ರ ಇದೆ. ಬೇಟೆಯವರ ಮಾತಲ್ಲಿ ಒಂದು ಲೀಶ್ ನಾಯಿ ಅಂದ್ರೆ ಮೂರು ನಾಯಿ. ಮೂರೇ ಯಾಕೆ ಅಂತ ಪುಸ್ತಕದಲ್ಲಿಲ್ಲ."

ಅಕ್ಕ ಒಂದು ಗಳಿಗೆ ಗೋಡೆ ನೋಡಿದಳು. ಆಮೇಲೆ ಮೂರು ಕೈಬಾರು ಇಳಿಸಿ, ಎಡಗೈಯ ನಾಲ್ಕು ಬೆರಳ ನಡುವಿನ ಸಂದಿಯಲ್ಲಿ ಒಂದೊಂದನ್ನು ತೂರಿಸಿ ಮುಷ್ಟಿ ಹಿಡಿದಳು. ಮೂರು ಸಂದಿ, ಮೂರು ಬಾರು. ನಾಲ್ಕನೆಯದಕ್ಕೆ ಜಾಗವಿರಲಿಲ್ಲ.

"ನಿಜವೋ ಸುಳ್ಳೋ ಗೊತ್ತಿಲ್ಲ. ನನ್ನ ಕೈ ಹೀಗೆ ಹೇಳುತ್ತೆ," ಅಂದಳು.

ಊಹೆಯನ್ನು ನಿಘಂಟಿಗೆ ಹಾಕುವ ಹಾಗಿಲ್ಲ, ಅದು ಇವನಿಗೆ ಗೊತ್ತು. ಆದರೆ ಆ ಮುಷ್ಟಿಯನ್ನು ನೋಡುತ್ತಾ ಇವನಿಗೆ ಅಕ್ಕನ ಬಗ್ಗೆ ಎಂಥ ಹೆಮ್ಮೆ ಉಕ್ಕಿ ಬಂತೆಂದರೆ, ಹಿಂದೆ ಮುಂದೆ ನೋಡದೆ ಬಾಯಿಬಿಟ್ಟುಬಿಟ್ಟ. "ಕೈಬಾರು ಅಂತಲೇ ಹಾಕಿಸ್ತೀನಿ ಅಕ್ಕ. ನಿನ್ನ ಅರ್ಥಾನೂ ಹಾಕಿಸ್ತೀನಿ."

"ಆಣೆ?"

"ಆಣೆ."

ಆಣೆ ಇಡುವುದು ಸುಲಭ. ಮೂವತ್ತೊಂದು ವರ್ಷದಲ್ಲಿ ಇವನು ಬೇರೆಯವರ ಪದ ತಿದ್ದಿದ್ದನೇ ಹೊರತು ತನ್ನದು ಅಂತ ಒಂದು ಪದ ಸೂಚಿಸಿದವನಲ್ಲ. ಆದರೂ ಧೈರ್ಯ ಮಾಡಿ ಪ್ರಧಾನ ಸಂಪಾದಕಿಯ ಕೋಣೆಗೆ ಹೋದ. ಅವರನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಿದ್ದರು. ಮಿತಭಾಷಿ, ಆದರೆ ನ್ಯಾಯವಂತೆ.

"ಪದದ ಮೂಲ ನೀವು ಹೇಳಿದ ಹಾಗೇ ಇದೆ. ಅರ್ಥಾನೂ ಚೆನ್ನಾಗಿದೆ," ಅಂದರು ಮೇಡಂ. "ಆದರೆ ಕೈಬಾರು ಅನ್ನೋ ಮಾತಿಗೆ ಆಧಾರ ಎಲ್ಲಿ? ನಿಯಮ ನಿಮಗೆ ಗೊತ್ತಲ್ಲ. ಅಚ್ಚಾಗಿರಬೇಕು. ಇಪ್ಪತ್ತು ವರ್ಷಕ್ಕಿಂತ ಹಳೇದಾಗಿರಬೇಕು. ಶುಕ್ರವಾರ ಮಂಡಳಿ ಸಭೆ, ಅವತ್ತೇ ಪುಟ ಮುಚ್ಚುತ್ತೆ. ಆಧಾರ ತಂದ್ರೆ ಹಾಕೋಣ. ಇಲ್ಲದಿದ್ರೆ ಪ್ರೊಫೆಸರ್ ಬರೆದದ್ದೇ ನಿಲ್ಲುತ್ತೆ."

ಎರಡು ದಿನ ಪುಸ್ತಕ ಜಾಲಾಡಿದ. ಕಥೆ, ಕಾದಂಬರಿ, ಪ್ರಾಣಿವೈದ್ಯದ ಕೈಪಿಡಿ, ಹಳೆಯ ಪತ್ರಿಕೆಗಳ ಜಾಹೀರಾತು, ಒಂದನ್ನೂ ಬಿಡಲಿಲ್ಲ. ಎಲ್ಲ ಕಡೆ ಹಗ್ಗ, ಸರಪಳಿ, ಬೆಲ್ಟು. ಕೈಬಾರು ಮಾತ್ರ ಎಲ್ಲೂ ಇಲ್ಲ. ಇಲ್ಲ ಅಂತ ಯಾಕೆ ಹೇಳಲಿ, ಒಂದು ಕಡೆ ಇತ್ತು. ಅಂಗಡಿಯ ಗೋಡೆಯ ಮೇಲೆ, ನೀಲಿ ಶಾಯಿಯಲ್ಲಿ. ಅದು ಇವನಿಗೆ ಮೊದಲ ಗಳಿಗೆಯಿಂದಲೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಪುಸ್ತಕ ಮಗುಚುತ್ತಿದ್ದ, ಅಷ್ಟೇ.

ಯಾಕೆಂದರೆ ಮೇಡಂ ಹೇಳದೆ ಬಿಟ್ಟ ಮೂರನೇ ನಿಯಮವೂ ಒಂದಿತ್ತು: ಆಧಾರವಾಗಿ ಕೊಟ್ಟ ವಾಕ್ಯವನ್ನು ಇದ್ದದ್ದು ಇದ್ದ ಹಾಗೇ ಅಚ್ಚು ಮಾಡಬೇಕು, ಒಂದಕ್ಷರ ತಿದ್ದಬಾರದು. ಆ ನಿಯಮ ಮಾಡಿಸಿದ್ದು ಯಾರು? ಇವನೇ! ಹಿಂದೊಮ್ಮೆ ಪ್ರೊಫೆಸರ್ ಯಾವುದೋ ಹಳೆಯ ಪತ್ರದ ಅಕ್ಷರ ತಿದ್ದಿದ್ದಕ್ಕೆ ಮೇಜು ಗುದ್ದಿ ಜಗಳವಾಡಿ ಮಾಡಿಸಿದ್ದ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಅಂದರೆ ಇದು. ಚೀಟಿ ಕೊಟ್ಟರೆ ಅಕ್ಕನ ಪದ ಉಳಿಯುತ್ತೆ, ಇವನ ಮಾನ ಹೋಗುತ್ತೆ. ಕೊಡದಿದ್ದರೆ ಮಾನ ಉಳಿಯುತ್ತೆ, ಅಕ್ಕನ ವಸ್ತು ಎಂದೆಂದಿಗೂ ನಾಯಿ ಕಟ್ಟುವ ಹಗ್ಗ.

ಗುರುವಾರ ಸಂಜೆ ಅಂಗಡಿಗೆ ಹೋಗಿ, "ಅಚ್ಚಾಗಿರೋ ಹಳೇ ಆಧಾರ ಬೇಕಂತೆ ಅಕ್ಕ, ಸಿಗ್ಲಿಲ್ಲ," ಅಂದ.

ಅಕ್ಕ ಗೋಡೆಯ ಕಡೆ ನೋಡಿದಳು. "ಅಚ್ಚಾಗಿರ್ಬೇಕು ಅಂದ್ಯಲ್ಲ. ಇದು ಅಚ್ಚಲ್ವಾ?"

ಇವನ ಕೈ ಮೀಸೆಗೆ ಹೋಯಿತು. ಅವಳು ಚೀಟಿ ನೋಡಿದಳು, ಇವನ ಮೀಸೆ ನೋಡಿದಳು. "ಓಹೋ," ಅಂದಳು.

"ನಿಯಮ ಇದೆ ಅಕ್ಕ. ಇದ್ದ ಹಾಗೇ ಹಾಕ್ಬೇಕು. ಆ ಲ..."

"ಗೊತ್ತು ಬಿಡೋ. ಇಷ್ಟು ವರ್ಷದಿಂದ ಗಿರಾಕಿಗಳು ತೋರಿಸಿ ತೋರಿಸಿ ನಗ್ತಾನೇ ಇದಾರೆ."

"ಮತ್ತೆ ತಿದ್ದಿಸೋಕೆ ಏನಾಗಿತ್ತು ನಿಂಗೆ?"

"ಆರನೇ ಕ್ಲಾಸಲ್ಲಿ ನೀನು ಬರೆದ ಅಕ್ಷರ ಬೇರೆ ಎಲ್ಲಾದ್ರೂ ಇದೆಯಾ? ಇದೊಂದೇ ಇರೋದು," ಅಂದಳು ಅವಳು, ಬೇಸರದ ಧ್ವನಿಯಲ್ಲಿ, ಇಷ್ಟೂ ತಿಳಿಯಬಾರದೇ ಅನ್ನುವ ಹಾಗೆ. "ಹೋಗು, ಮನೆಗೆ ಹೋಗಿ ಊಟ ಮಾಡು."

ಹಟ ಅಂದುಕೊಂಡಿದ್ದ ಇವನು.

ಶುಕ್ರವಾರ ಹನ್ನೊಂದಕ್ಕೆ ಸಭೆ. ಹತ್ತೂ ಮುಕ್ಕಾಲಿಗೆ ಮೂರನೇ ಮಹಡಿಯ ಮೆಟ್ಟಿಲಲ್ಲಿ ಉಸ್ಸೆನ್ನುವ ಸದ್ದು ಕೇಳಿತು. ನೋಡಿದರೆ ಅಕ್ಕ! ಮೇಣದ ಕಲೆಯ ಮುಂಗವಸು ಹಾಗೇ ಇದೆ, ಹೆಗಲಿಗೆ ಒಂದು ಕೈಬಾರು ನೇತಾಡುತ್ತಿದೆ. ಇವನು ಕೆಲಸಕ್ಕೆ ಸೇರಿದ ಮೇಲೆ ಅವಳು ಈ ಕಟ್ಟಡಕ್ಕೆ ಬಂದದ್ದು ಅದೇ ಮೊದಲು. ಕರೆದಿದ್ದರೆ ತಾನೇ ಬರುವುದು?

"ತಗೋ," ಅಂತ ಒಂದು ಲಕೋಟೆ ಕೊಟ್ಟಳು. ಒಳಗೊಂದು ಚೀಟಿ. *ಕೈಬಾರು. ಎಳೆಯಬೇಡಿ, ಸಡಿಲ ಬಿಡಿ.* ಳ ಸರಿಯಾಗಿತ್ತು.

"ನಿನ್ನೇನೇ ಹೋಗಿ ಮುದ್ರಣದವನ ತಲೆ ಮೇಲೆ ಕೂತು ಮಾಡಿಸ್ದೆ," ಅಂತ ಪಿಸುಗುಟ್ಟಿದಳು. "ಹೊಸದು ಅಂತ ಗೊತ್ತಾಗ್ಬಾರ್ದಲ್ಲ, ಚಹಾದಲ್ಲಿ ಅದ್ದಿ ಒಣಗಿಸಿ, ಮೊಣಕಾಲಿಗೆ ಹಾಕಿ ಉಜ್ಜಿದೀನಿ. ನೋಡು, ಅಪ್ಪನ ಕಾಲದ್ದೇ ಅನ್ಬೇಕು."

"ಬ್ಲಾಕು?"

"ಹಳೇದು ಎತ್ತಿಟ್ಟೆ. ಇನ್ಮೇಲೆ ಇದೇ. ಪದ ಒಳಗೆ ಹೋಗ್ಲಿ, ನಿನ್ನ ಮೀಸೇನೂ ಉಳೀಲಿ. ನಾನು ಇಲ್ಲೇ ಕೂತಿರ್ತೀನಿ."

ಅವಳು ಸಭೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಳು. ಹೋಗಿ ಬರುವವರು ಯಾರಿದು ಅನ್ನುವಂತೆ ತಿರುಗಿ ನೋಡಿದರು. ಇವನು ಒಳಗೆ ಹೋದ. ಬಲಗಡೆ ಜೇಬಿನಲ್ಲಿ ಹೊಸ ಚೀಟಿ, ಎಡಗಡೆ ಜೇಬಿನಲ್ಲಿ ನಿನ್ನೆ ಗೋಡೆಯಿಂದ ಯಾಕೋ ಬಿಚ್ಚಿಕೊಂಡು ಬಂದಿದ್ದ ಹಳೆಯ ಚೀಟಿ. ಬಲಗೈ ಹಾಕಿದರೆ ಎಲ್ಲ ಸುಸೂತ್ರ. ಚೀಟಿಯ ಮೇಲೆ ತಾರೀಖಿಲ್ಲ, ಚಹಾದ ಬಣ್ಣ ಚೆನ್ನಾಗಿ ಹಿಡಿದಿದೆ, ಕಾಗುಣಿತ ತಂದ ಆಧಾರವನ್ನು ಅನುಮಾನಿಸುವ ಗಂಡು ಆ ಕೋಣೆಯಲ್ಲಿರಲಿಲ್ಲ.

ಲೀಶ್ ಬಂತು. "ಆಧಾರ ಸಿಕ್ಕಿತಾ?" ಅಂತ ಮೇಡಂ ಕೇಳಿದರು.

ಬಲಗಡೆಯ ಜೇಬಿಗೆ ಕೈ ಹೋದದ್ದು ಸುಳ್ಳಲ್ಲ. ಬೆರಳಿಗೆ ರಟ್ಟು ಸಿಕ್ಕಿತು. ಅಷ್ಟರಲ್ಲಿ ನೆನಪಾಯಿತು: ನಲವತ್ತಾರು ವರ್ಷ ಯಾರು ನಕ್ಕರೂ ಜಗ್ಗದವಳು, ತಮ್ಮನ ಅಕ್ಷರ ಅಂತ ಕಾಪಾಡಿದವಳು, ನಿನ್ನೆ ಒಂದೇ ಸಂಜೆಯಲ್ಲಿ ಅದನ್ನು ಎತ್ತಿಟ್ಟಿದ್ದಾಳೆ. ಇವನ ಮೀಸೆಗೋಸ್ಕರ! ಥೂ, ಈ ಮೀಸೆಗಿಷ್ಟು ಅಂದುಕೊಂಡ. ಎಡಗೈ ಹಾಕಿ ಹಳೆಯ ಚೀಟಿಯನ್ನು ಮೇಜಿನ ನಡುವಿಗೆ ತಳ್ಳಿದ.

ಪ್ರೊಫೆಸರ್ ಎತ್ತಿಕೊಂಡು ಓದಿದರು. "ಎಲೆಯಬೇಡಿ?" ಅಂದರು. ಹೊಟ್ಟೆ ಕುಣಿಸಿ ನಕ್ಕರು. "ಯಾವ ಪುಣ್ಯಾತ್ಮ ಸ್ವಾಮಿ ಇದನ್ನ ಬರೆದದ್ದು?"

ಇವನು ಎದ್ದು ನಿಂತ. "ನಾನು."

ನಗು ನಿಂತುಹೋಯಿತು.

"ಆರನೇ ಕ್ಲಾಸಲ್ಲಿ ಬರೆದದ್ದು. ಅಂಗಡಿ ನಮ್ಮಕ್ಕಂದು. ಬಾರಿನಕ್ಕ ಬಾರಿನಕ್ಕ ಅಂತ ನೀವೆಲ್ಲ ತಮಾಷೆ ಮಾಡ್ತೀರಲ್ಲ, ಅವಳೇ. ಅವಳು ಹೊಲಿದ ಕೈಬಾರಿನಿಂದ ನಾನು ಓದಿದ್ದು, ಇಲ್ಲಿಗೆ ಬಂದದ್ದು. ಇಷ್ಟು ವರ್ಷ ನಾನು ಇದನ್ನ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅದು ನನ್ನ ದೊಡ್ಡ ತಪ್ಪು, ಇದು ಸಣ್ಣದು."

ಮೇಡಂ ಚೀಟಿ ತಿರುಗಿಸಿ ನೋಡಿದರು. "ತಾರೀಖಿಲ್ಲವಲ್ಲ. ಇಪ್ಪತ್ತು ವರ್ಷಕ್ಕಿಂತ ಹಳೇದು ಅನ್ನೋದಕ್ಕೆ ಏನು ಸಾಕ್ಷಿ?"

"ಆ ತಪ್ಪೇ ಸಾಕ್ಷಿ ಮೇಡಂ. ನಾನು ಳ ಬರೆಯೋದು ಕಲಿತು ನಲವತ್ತು ವರ್ಷದ ಮೇಲಾಯ್ತು. ಈ ಬ್ಲಾಕು ಅದಕ್ಕಿಂತ ಹಿಂದಿನದೇ ಇರ್ಬೇಕು."

ಯಾವತ್ತೂ ನಗದ ಮೇಡಂ ನಕ್ಕರು. ಆಮೇಲೆ, "ನಿಮ್ಮಕ್ಕ ಅಂಗಡೀಲಿದಾರಾ?" ಅಂದರು.

"ಹೊರಗೆ ಬೆಂಚಿನ ಮೇಲಿದಾಳೆ."

ಅಕ್ಕನನ್ನು ಒಳಗೆ ಕರೆಸಿದರು. ಕುರ್ಚಿ ಕೊಟ್ಟರು, ಅವಳು ಕೂರಲಿಲ್ಲ. ಲೀಶ್ ಅಂದರೇನು ಅಂತ ಮೇಡಂ ಕೇಳಿದ್ದೇ ತಡ, ಹೆಗಲಿನಿಂದ ಕೈಬಾರು ತೆಗೆದು ಒಂದು ತುದಿಯನ್ನು ಪ್ರೊಫೆಸರ್ ಕೈಗೇ ಕೊಟ್ಟಳು. "ಹಿಡ್ಕೊಳ್ಳಿ ಸಾರ್. ಒಂದು ತುದಿ ಪ್ರಾಣಿ ಕೊರಳಲ್ಲಿ, ಒಂದು ತುದಿ ಮನುಷ್ಯನ ಕೈಯಲ್ಲಿ, ನಡುವೆ ಸಡಿಲ. ಇಷ್ಟೇ. ನೀವು ಪ್ರಾಣಿ ಕಡೆ ತುದಿ ಹಿಡಿದಿದೀರಿ, ತಪ್ಪು ತಿಳ್ಕೋಬೇಡಿ."

ಕೋಣೆಯೆಲ್ಲ ಗೊಳ್ಳೆಂದಿತು. ಪ್ರೊಫೆಸರ್ ಕೂಡ ನಕ್ಕರು. ದೊಡ್ಡವರು ದೊಡ್ಡವರೇ, ಅವರೇ ಪೆನ್ನು ತೆಗೆದು ತಮ್ಮ ಅರ್ಥದ ಮೇಲೆ ಗೆರೆ ಎಳೆದರು. "ಸೋತೆ ತಾಯಿ," ಅಂದರು. ಆಮೇಲೆ ಇವನ ಕಡೆ ತಿರುಗಿ, "ಆದರೆ ಪಂಥ ಪಂಥವೇ ಕಣ್ರೀ. ತಪ್ಪು ಹನ್ನೆರಡನೇ ಸಂಪುಟಕ್ಕೆ ಹೋಗ್ತಾ ಇದೆ," ಅಂದರು.

"ಇವತ್ತೇ ಬೋಳಿಸ್ತೀನಿ ಸಾರ್," ಅಂದ ಕಾಗುಣಿತ. ಇಷ್ಟು ಸಂತೋಷದಿಂದ ಮೀಸೆ ಕೊಟ್ಟ ಗಂಡಸನ್ನು ಆ ಕಚೇರಿ ಅಲ್ಲಿಯವರೆಗೆ ನೋಡಿರಲಿಲ್ಲ.

ಅಕ್ಕನಿಗೆ ಆಗಲೇ ಗೊತ್ತಾದದ್ದು, ಮೇಜಿನ ಮೇಲಿರುವುದು ಯಾವ ಚೀಟಿ ಅಂತ. ತಮ್ಮನನ್ನು ದುರುಗುಟ್ಟಿ ನೋಡಿದಳು. "ಚಹಾ ದಂಡ ಮಾಡಿದ್ಯಲ್ಲೋ," ಅಂದಳು. ಅಂದವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಸಂಜೆ ಬೋಳು ತುಟಿ ಹೊತ್ತು ಅಂಗಡಿಗೆ ಬಂದವನನ್ನು ನೋಡಿ, "ಅಯ್ಯೋ, ಆರನೇ ಕ್ಲಾಸಿನವನೇ ಬಂದುಬಿಟ್ಟ!" ಅಂತ ಅವನ ಗಲ್ಲ ಹಿಂಡಿದಳು. ಸಾಹೇಬ ಮಾತ್ರ ಗುರುತು ಸಿಗದೆ ಬೊಗಳಿತು.

ಮರುವಾರ ಕಚೇರಿಯ ಅರ್ಧ ಜನ ಊಟದ ಬಿಡುವಿನಲ್ಲಿ ಕಾಗುಣಿತನ ಹಿಂದೆ ಅಂಗಡಿ ನೋಡಲು ಹೊರಟಿದ್ದರು. ಇವನೇ ಮುಂದೆ ನಿಂತು, ಇದು ದಬ್ಬಳ, ಇದು ಮೇಣದ ದಾರ, ಇವಳು ನಮ್ಮಕ್ಕ ಅಂತ ತೋರಿಸಿದ.

ಎಂಟು ತಿಂಗಳಿಗೆ ಹನ್ನೆರಡನೇ ಸಂಪುಟ ಬಂತು. ಮೊದಲ ಪ್ರತಿಯನ್ನು ಇವನು ಎರಡೂ ಕೈಯಲ್ಲಿ ಹೊತ್ತು ಅಂಗಡಿಗೆ ತಂದ. ಅಕ್ಕ ಕೈ ತೊಳೆದು ಬಂದು, ಬೆರಳಿಟ್ಟು, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದಳು.

*ಲೀಶ್: ಕೈಬಾರು. ಒಂದು ತುದಿ ಪ್ರಾಣಿಯ ಕೊರಳಲ್ಲಿ, ಒಂದು ತುದಿ ಮನುಷ್ಯನ ಕೈಯಲ್ಲಿ ಇದ್ದು ನಡುವೆ ಸಡಿಲ ಬಿಡುವ ಪಟ್ಟಿ. ಮೂಲ: ಸಡಿಲಿಸು ಎಂಬ ಅರ್ಥದ ಲ್ಯಾಟಿನ್ ಧಾತು. ಆಧಾರ: 'ಎಲೆಯಬೇಡಿ, ಸಡಿಲ ಬಿಡಿ', ಬಾರಿನಕ್ಕನ ಅಂಗಡಿಯ ಚೀಟಿ.*

ಹಳೆಯ ಬ್ಲಾಕು ಮತ್ತೆ ಮುದ್ರಣಕ್ಕೆ ಹೋಯಿತು. ಹೊಸ ಚೀಟಿಗಳನ್ನು ಅಕ್ಕ ಬೆನ್ನ ಕಡೆ ಗಿರಾಕಿಗಳ ಅಳತೆ ಬರೆದುಕೊಳ್ಳಲು ಇಟ್ಟುಕೊಂಡಳು. ಸಂಪುಟವನ್ನು ಮಾತ್ರ ಕೈಗೆ ಸಿಗುವ ಹಾಗೆ ಹೊಲಿಗೆಯ ಹಲಗೆಯ ಪಕ್ಕದಲ್ಲೇ, ಲೀಶ್ ಇರುವ ಪುಟಕ್ಕೆ ಒಂದು ಚರ್ಮದ ತುಂಡು ಸಿಕ್ಕಿಸಿ ಇಟ್ಟಳು.

ಈಗಲೂ ವಾರಕ್ಕೊಬ್ಬ ಗಿರಾಕಿ ಚೀಟಿ ಓದಿ ಹಲ್ಲು ಕಿರಿಯುತ್ತಾನೆ. ಮೊನ್ನೆಯೂ ಒಬ್ಬ, ಕೋಟು ಬೂಟು ಹಾಕಿದವನು, "ಅಮ್ಮಾ, ಇಲ್ಲೊಂದು ಅಕ್ಷರ ತಪ್ಪಿದೆ," ಅಂದ.

ಬಾರಿನಕ್ಕ ದಬ್ಬಳ ಕೆಳಗಿಟ್ಟಳು. ಕನ್ನಡಕದ ಮೇಲಿನಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸಂಪುಟವನ್ನು ಅವನ ಮುಂದಕ್ಕೆ ನೂಕಿದಳು.

"ತಪ್ಪಾ? ನಿಘಂಟು ನೋಡಿ!"